ಘಟ್ಟದ ನೆತ್ತಿಯಲ್ಲಿ ಯಾರೂ ಕಾದಿರಲಿಲ್ಲ

ನಾವು ಮೂವರೂ ಪಾಂಡವಪುರದ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಒಬ್ಬಳು ಈಗ ಕೆ.ಆರ್. ಪೇಟೆಯ ಹತ್ತಿರ ಹೈಸ್ಕೂಲು ಟೀಚರು, ಇನ್ನೊಬ್ಬಳಿಗೆ ಶ್ರೀರಂಗಪಟ್ಟಣದಲ್ಲಿ ಬೇಕರಿ. ನನ್ನದು ನಾಗಮಂಗಲ. ಅಪ್ಪನ ಕುಲುಮೆ ಇದ್ದ ಜಾಗದಲ್ಲೇ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಗೇಟು, ಕಿಟಕಿ, ಟ್ರಾಕ್ಟರಿನ ಕೊಂಡಿ, ಬಂದದ್ದನ್ನು ಮಾಡುತ್ತೇನೆ. ಹೆಂಗಸು ವೆಲ್ಡಿಂಗ್ ಮಾಡುವುದನ್ನು ನೋಡಲು ಮೊದಲು ಜನ ನಿಲ್ಲುತ್ತಿದ್ದರು, ಈಗ ಯಾರೂ ನಿಲ್ಲುವುದಿಲ್ಲ.

ನಲವತ್ತು ದಾಟಿದ ಮೇಲೆ ನಮಗೆ ಬೈಕಿನ ಹುಚ್ಚು ಹಿಡಿಯಿತು. ಭಾನುವಾರ ಬೆಳಿಗ್ಗೆ ಬೆಳ್ಳೂರು ಕ್ರಾಸಿನಲ್ಲಿ ಇಡ್ಲಿ ತಿಂದು ಎತ್ತಲಾದರೂ ಹೊರಡುತ್ತಿದ್ದೆವು. ಒಮ್ಮೆ ಕರಿಘಟ್ಟದ ಮೆಟ್ಟಿಲ ಮೇಲೆ ಕೂತು ಬೇಕರಿಯವಳು ತಂದಿದ್ದ ಖಾರದ ಬನ್ನು ತಿನ್ನುತ್ತಿದ್ದಾಗ ಟೀಚರು ತನ್ನ ಫೋನಿನಲ್ಲಿ ಪೆರು ದೇಶದ ಬೆಟ್ಟಗಳ ಒಂದು ಚಿತ್ರ ತೋರಿಸಿದಳು. ಕೆಂಪು ಮಣ್ಣಿನ ದಾರಿ ಹಾವಿನಂತೆ ಮೇಲೇರಿ, ಹಿಮದ ಪಕ್ಕದಲ್ಲೇ ಹಾದುಹೋಗಿತ್ತು.

"ಸಾಯೋದ್ರೊಳ್ಗೆ ಇಲ್ಗೊಂದು ಸಲ ಓಗ್ಬೇಕು ಕಣ್ರೇ," ಅಂದಳು.

"ಓದ್ರೆ ಮೂರೂ ಜನಾನೇ ಓಗದು," ಅಂದಳು ಬೇಕರಿಯವಳು. ಅಪ್ಪ ತೀರಿಕೊಂಡಾಗ ಬೇಕರಿಗೆ ಬೀಗ ಹಾಕಿ ಹನ್ನೊಂದು ದಿನ ನಮ್ಮ ಮನೆಯಲ್ಲಿದ್ದು ಅಡುಗೆ ಮಾಡಿದವಳು ಅವಳು. ಅವಳ ಮಾತೆಂದರೆ ನನಗೆ ಕಾಗದಕ್ಕೆ ಸಹಿ ಹಾಕಿದಷ್ಟೇ ಗಟ್ಟಿ.

ಮೂರು ವರ್ಷದ ನಂತರ ಹೋದೆವು. ಅಲ್ಲಿ ಮೂರು ಬೈಕು ಬಾಡಿಗೆಗೆ ಹಿಡಿದೆವು. ಮೊದಲ ಹತ್ತು ದಿನಗಳಷ್ಟು ಸುಖವಾಗಿ ನಾನು ಯಾವತ್ತೂ ಇದ್ದಿಲ್ಲ. ಆಲೂಗಡ್ಡೆ ಹೊಲಗಳು, ಬಣ್ಣದ ಶಾಲು ಹೊದ್ದ ಹೆಂಗಸರು, ದಾರಿಗಡ್ಡ ನಿಂತು ನಮ್ಮನ್ನೇ ದುರುಗುಟ್ಟುವ, ಲಾಮಾ ಎಂಬ ಉದ್ದ ಕತ್ತಿನ ಪ್ರಾಣಿಗಳು. ಉಸಿರು ಕಟ್ಟಿದಾಗ ಬೈಕು ನಿಲ್ಲಿಸಿ, ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದೆವು.

ಹನ್ನೊಂದನೆಯ ದಿನ, ಎಲ್ಲಕ್ಕಿಂತ ಎತ್ತರದ ಘಟ್ಟದ ಬುಡದಲ್ಲಿ ಟೀಚರು ಬೈಕು ಸಮೇತ ಮಗುಚಿಬಿದ್ದಳು. ಅವಳಿಗೆ ಏನೂ ಆಗಲಿಲ್ಲ, ಗೇರಿನ ಲಿವರು ಮಾತ್ರ ಬುಡದಲ್ಲೇ ಮುರಿಯಿತು. ಮಧ್ಯಾಹ್ನದ ಮೇಲೆ ಘಟ್ಟದಲ್ಲಿ ಆಲಿಕಲ್ಲು ಬೀಳುತ್ತದೆ, ಅಷ್ಟರೊಳಗೆ ದಾಟಿಬಿಡಿ ಎಂದು ಬಾಡಿಗೆಯವನು ಮೊದಲೇ ಹೇಳಿದ್ದ. ಅವಳು ಗಡಗಡ ನಡುಗುತ್ತಿದ್ದಳು.

ನಾನೇ ಹೇಳಿದೆ: "ನನ್ ಗಾಡಿ ತಕಂಡು ನೀನು ಓಗು. ನಾನು ಇದ್ನ ಸರಿ ಮಾಡ್ಕಂಡು ಬತ್ತೀನಿ. ನೆತ್ತೀಲಿ ಕಲ್ಲಿನ ಗುಡಿಸ್ಲು ಐತಂತೆ, ಅಲ್ಲಿ ಕಾಯ್ತಿರಿ."

"ಎಷ್ಟೊತ್ತಾದ್ರೂ ಕಾಯ್ತೀವಿ, ಬಾ," ಅಂದಳು ಬೇಕರಿಯವಳು.

ಬೈಕು ತಳ್ಳಿಕೊಂಡು ಹತ್ತಿರದ ಹಳ್ಳಿಗೆ ಹೋಗಿ ವಿಚಾರಿಸಿದಾಗ ಒಬ್ಬ ಮುದುಕ ತನ್ನ ಕೊಟ್ಟಿಗೆಗೆ ಕರೆದುಕೊಂಡು ಹೋದ. ಅಲ್ಲೊಂದು ಹಳೇ ವೆಲ್ಡಿಂಗ್ ಮಷೀನಿತ್ತು. ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ ಬಾರದು. ಅವನು ವೆಲ್ಡಿಂಗಿನ ಕಪ್ಪು ಕನ್ನಡಕ ಹಾಕಿಕೊಳ್ಳಲು ಹೋದಾಗ ನಾನು ಸನ್ನೆ ಮಾಡಿ ಅದನ್ನು ಇಸಿದುಕೊಂಡೆ. ನಾನು ಹಾಕಿದ ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿ ನೋಡಿ, ಒಳಗಿದ್ದ ಹೆಂಡತಿಯನ್ನು ಕೂಗಿ ಕರೆದು ತೋರಿಸಿದ. ಅವಳು ಬಿಸಿ ಸಾರು ಕೊಟ್ಟಳು. ನನ್ನ ಅಂಗಡಿಯಲ್ಲಿ ಯಾರೂ ನನ್ನ ಕೆಲಸವನ್ನು ಹಾಗೆ ಮುಟ್ಟಿ ನೋಡಿದವರಿಲ್ಲ.

ನೆತ್ತಿ ತಲುಪಿದಾಗ ಮೂರು ಗಂಟೆ. ಗುಡಿಸಲು ಖಾಲಿ. ಹೊರಗಿನ ಕೆಸರಿನಲ್ಲಿ ಎರಡು ಬೈಕುಗಳು ನಿಂತು, ತಿರುಗಿ, ಆಚೆ ಕಡೆಗೆ ಇಳಿದು ಹೋದ ಗುರುತು. ಅಲ್ಲೇ ಎಲ್ಲೋ ಇರಬಹುದೆಂದು ಇಬ್ಬರ ಹೆಸರನ್ನೂ ಹಿಡಿದು ಕೂಗಿದೆ. ಎರಡು ಸಲ ಕೂಗುವಷ್ಟರಲ್ಲಿ ಉಸಿರು ನಿಂತಂತಾಗಿ ನೆಲದ ಮೇಲೆ ಕೂತೆ. ಅಷ್ಟರಲ್ಲಿ ಆಲಿಕಲ್ಲು ಶುರುವಾಯಿತು. ನನ್ನ ದಪ್ಪ ಕೈಗವಸು, ಸ್ವೆಟರು, ಮಾತ್ರೆ ಎಲ್ಲ ನನ್ನ ಬೈಕಿಗೆ ಕಟ್ಟಿದ್ದ ಚೀಲದಲ್ಲೇ ಹೋಗಿದ್ದವು. ಕಾಲುಚೀಲ ಬಿಚ್ಚಿ ಕೈಗೆ ಹಾಕಿಕೊಂಡು ಘಟ್ಟ ಇಳಿದೆ. ಬ್ರೇಕು ಹಿಡಿದಿದ್ದೇನೋ ಇಲ್ಲವೋ ಬೆರಳಿಗೆ ತಿಳಿಯುತ್ತಿರಲಿಲ್ಲ.

ಹೊತ್ತು ಮುಳುಗುವಾಗ ಕೆಳಗಿನ ಊರು ಸಿಕ್ಕಿತು. ಲಾಡ್ಜಿನ ಊಟದ ಕೋಣೆಯಲ್ಲಿ ಇಬ್ಬರೂ ಕೂತಿದ್ದರು. ಟೀಚರ ಮೈಮೇಲೆ ನನ್ನ ಸ್ವೆಟರಿತ್ತು.

"ಬಂದ್ಯಾ? ಬಾ ಬಾ, ಕೂತ್ಕೊ," ಅಂದಳು. "ಚಳಿ ತಡಿಯಕ್ಕಾಗ್ಲಿಲ್ಲ ಕಣೇ. ನೀನು ಎಂಗಿದ್ರೂ ಗಟ್ಟಿ, ಬತ್ತೀಯಾ ಅಂತ ಗೊತ್ತಿತ್ತು."

ಬೇಕರಿಯವಳು ತಟ್ಟೆಯಿಂದ ತಲೆ ಎತ್ತಲಿಲ್ಲ. ನಾನು ಜಗಳ ಮಾಡಲಿಲ್ಲ. ಹೆದರಿಕೆಯಲ್ಲಿ ಯಾರಾದರೂ ಹಾಗೆ ಮಾಡಿಯಾರು ಎಂದು ನನಗೆ ನಾನೇ ಹೇಳಿಕೊಂಡೆ, ಆಮೇಲೆ ಅದನ್ನು ನಂಬಿದೆ ಕೂಡ.

ಊರಿಗೆ ಬಂದ ತಿಂಗಳೊಪ್ಪತ್ತಿನಲ್ಲಿ ಅಕ್ಕಿಹೆಬ್ಬಾಳಿನ ಕಡೆಯ ರೈತರೊಬ್ಬರು ಕುಂಟೆ ಸರಿ ಮಾಡಿಸಲು ಅಂಗಡಿಗೆ ಬಂದರು. ನನ್ನನ್ನೇ ನೋಡುತ್ತಾ, "ಈಗ ಉಸಾರಾಗಿದ್ದೀರಾ ಅಕ್ಕ?" ಅಂದರು.

"ನಂಗೇನಾಗಿತ್ತು?"

"ನಮ್ಮುಡ್ಗಿ ಇಸ್ಕೂಲಲ್ಲಿ ಫಂಕ್ಸನ್ ಮಾಡಿದ್ರಲ್ಲ, ಅಲ್ಲಿ ನಿಮ್ ಫ್ರೆಂಡು ಟೀಚರು ಮಾತಾಡಿದ್ರು. ನಾಗಮಂಗಲದ ವೆಲ್ಡಿಂಗ್ ಅಂಗ್ಡಿಯೋರಿಗೆ ತಲೆ ಸುತ್ತಿ ಕೆಳಗ್ಲೇ ಉಳ್ಕಬುಟ್ರು, ನಾವಿಬ್ರೇ ಬೆಟ್ಟ ಅತ್ತಿದ್ವಿ ಅಂದ್ರು."

ಸನ್ಮಾನ ಇಬ್ಬರಿಗೂ ಆಗಿತ್ತಂತೆ. ಶಾಲು, ಹಾರ, ಹಣ್ಣಿನ ಬುಟ್ಟಿ. ಬೇಕರಿಯವಳೂ ವೇದಿಕೆಯ ಮೇಲಿದ್ದಳಂತೆ.

ಅವರ ಕುಂಟೆ ಮುಗಿಸಿಕೊಟ್ಟು ಷಟರು ಎಳೆದು ಕೆ.ಆರ್. ಪೇಟೆಗೆ ಹೋದೆ. ಟೀಚರು ಶಾಲೆಯಿಂದ ಈಚೆ ಬರುತ್ತಿದ್ದಳು. ಅವಳು ಸುಳ್ಳು ಹೇಳಿಲ್ಲವೆಂದು ವಾದಿಸಲಿಲ್ಲ.

"ಮತ್ತೇನೇ ಏಳ್ಲಿ? ಮಕ್ಳ ಮುಂದೆ ನಿಂತ್ಕಂಡು, ಫ್ರೆಂಡ್‌ನ ಬೆಟ್ಟದಲ್ಲಿ ಬಿಟ್ಬುಟ್ಟು ಬಂದ್ವಿ ಅಂತ ಏಳಕಾಯ್ತದಾ?"

ಅವಳ ಮೇಲೆ ನನಗೆ ಬಂದದ್ದು ಬರೀ ಕೋಪ. ಕೋಪ ಇಳಿಯುತ್ತದೆ. ಅಲ್ಲಿಂದ ಹಾಗೇ ಶ್ರೀರಂಗಪಟ್ಟಣಕ್ಕೆ ಹೋದೆ. ಬೇಕರಿಯಲ್ಲಿ ಗಿರಾಕಿಗಳಿದ್ದರು. ಅವಳು ಬ್ರೆಡ್ಡು ಕಟ್ಟಿಕೊಡುತ್ತಾ ನನ್ನ ಮುಖ ನೋಡಿದವಳೇ ವಿಷಯ ತಿಳಿದುಕೊಂಡಳು. ಎಲ್ಲರೂ ಹೋಗುವವರೆಗೆ ಕಾದೆ.

"ನಾನೇನೂ ಏಳ್ಲಿಲ್ಲ ಕಣಮ್ಮಿ," ಅಂದಳು. "ಎಲ್ಲಾ ಏಳಿದ್ದು ಅವ್ಳೇ. ನಾನು ಸುಮ್ನೆ ಕೂತಿದ್ದೆ."

"ಗುಡಿಸಲ ತಾವ ಕಾಯಣ ಅಂತನಾದ್ರೂ ಅಂದ್ಯಾ?"

ಅವಳು ಕೌಂಟರಿನ ಗಾಜನ್ನು ಬಟ್ಟೆಯಿಂದ ಒರೆಸತೊಡಗಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

"ಒಂದ್ ಅರ್ಧ ಗಂಟೆ ಕಾದ್ವಿ. ಓಗಣ ಅಂದಿದ್ದು ನಾನೇಯ," ಅಂದಳು.

ಅಪ್ಪ ಹೋದಾಗ ಅವಳು ನಮ್ಮ ಮನೆಯ ಒಲೆಯ ಮುಂದೆ ಕೂತಿದ್ದ ಹನ್ನೊಂದು ದಿನಗಳೂ ಸುಳ್ಳಲ್ಲ. ಇದೂ ಸುಳ್ಳಲ್ಲ. ಎರಡನ್ನೂ ಒಬ್ಬಳೇ ಮಾಡಿದಳೆಂಬುದನ್ನು ಎಲ್ಲಿಡಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಅವಳು ಒಂದು ಕೇಕು ಕಟ್ಟಿ ಕೈಗಿಡಲು ಬಂದಳು. ಬೇಡ ಅಂದೆ.

ಟೀಚರು ಶಾಲೆಯಲ್ಲಿ ಸರಿಪಡಿಸಿ ಹೇಳುತ್ತೇನೆಂದು ಮೆಸೇಜು ಕಳಿಸಿದಳು. ಹೇಳಲಿಲ್ಲ. ಹೋದ ತಿಂಗಳು ಬೇಕರಿಯವಳು ಫೋನು ಮಾಡಿದ್ದಳು.

"ಲಡಾಖ್‌ಗೆ ಓಗಣ ಅಂತಾವ್ಳೆ ಅವ್ಳು. ನೀನೂ ಬಾರೇ."

"ಅಂಗ್ಡೀಲಿ ಕೆಲ್ಸ ಜಾಸ್ತಿ ಐತೆ, ಆಗಲ್ಲ," ಅಂದೆ. ಅಂಥಾ ಕೆಲಸವೇನೂ ಇರಲಿಲ್ಲ.

ಇನ್ನೊಂದು ಸಲ ಕರೆಯುತ್ತಾಳೇನೋ ಎಂದು ಕಾದೆ. "ಸರಿ ಬುಡು," ಅಂದಳು.