ಎಡಗೈಯ ಪಾಸ್

“ಆಟ ಸೂಪರ್ ಗುರು, ಆದ್ರೆ ಎಡಗೈಲಿ ಪಾಸ್ ಕೊಡೋಕೇ ಬರಲ್ಲ. ಸ್ಟೇಟ್ ಟೀಮ್‌ಗೆ ಸೆಲೆಕ್ಟ್ ಆಗಲ್ಲ ಬಿಡು.”

ರಾಜಾಜಿನಗರದ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ನಮ್ಮ ಮುಂದೆ ಕುಳಿತಿದ್ದ ಇಬ್ಬರು ಹುಡುಗರು ಚರ್ಚಿಸುತ್ತಿದ್ದುದು, ಕಾಲೇಜು ತಂಡದಲ್ಲಿ ಆಡುತ್ತಿದ್ದ ನನ್ನ ಮಗಳ ಬಗ್ಗೆ.

“ಇನ್ನೊಂದು ವರ್ಷ ಕೊಡು ಮಗಾ, ಕಲೀತಾಳೆ” ಎಂದ ಇನ್ನೊಬ್ಬ.

“ಏನ್ ಕಲಿಯೋದು? ಕೋಚೇ ಸರಿಯಿಲ್ಲ!”

ಪಕ್ಕದಲ್ಲಿದ್ದ ನನ್ನ ಅತ್ತೆಗೆ ತಡೆಯಲಾಗಲಿಲ್ಲ. “ಕೋಚನ್ನ ಯಾಕಪ್ಪಾ ಬೈತೀರ? ಯಾರಿಗೆ ಏನೇ ಕೊಟ್ರೂ ಬಲಗೈಲೇ ಕೊಡ್ಬೇಕು ಅಂತ ಮೊಮ್ಮಗಳಿಗೆ ಕಲಿಸಿದ್ದು ನಾನು!” ಎಂದರು ಹೆಮ್ಮೆಯಿಂದ. ಹುಡುಗರು ಚರ್ಚೆ ನಿಲ್ಲಿಸಿ ಕೈಮುಗಿದರು.

ಈಗ ಮಗಳು “ಪ್ರಾಕ್ಟೀಸ್ ಅಜ್ಜಿ” ಎನ್ನುತ್ತ ಕಾಫಿ ಲೋಟವನ್ನೂ ಎಡಗೈಯಲ್ಲೇ ಕೊಡುತ್ತಾಳೆ. ಅತ್ತೆ ದೇವರ ಪಟದತ್ತ ತಿರುಗಿ ಕೆನ್ನೆ ಬಡಿದುಕೊಂಡು, “ಸ್ಟೇಟ್ ಟೀಮ್ ಸೇರೋವರ್ಗೂ ಹೊಟ್ಟೆಗೆ ಹಾಕ್ಕೊಳ್ಳಪ್ಪಾ” ಎಂದು ಬೇಡಿಕೊಂಡೇ ಲೋಟ ಹಿಡಿಯುತ್ತಾರೆ.