ಬೀಗರಿಗೆ ಹೇಳಬೇಕಾದ ಕಜ್ಜಿ

ಮೊದಲು ಕಂಡದ್ದು ಬೆರಳ ಸಂದಿಯ ಬಿಳಿ ಹೊಟ್ಟು. ಚಳಿಗೆ ಚರ್ಮ ಒಡೆದಿದೆ ಅಂದುಕೊಂಡು ಕೊಬ್ಬರಿ ಎಣ್ಣೆ ಹಚ್ಚಿದೆ. ತುರಿಕೆ ಅಷ್ಟೇನೂ ಇರಲಿಲ್ಲ. ಸಂಧಿವಾತಕ್ಕೆ ಸ್ಟೀರಾಯ್ಡ್ ಗುಳಿಗೆ ನುಂಗುತ್ತಿದ್ದೆ. ಮೊದಲು ನೋಡಿದ ಡಾಕ್ಟರು ಸೋರಿಯಾಸಿಸ್ ಎಂದು ಮುಲಾಮು ಬರೆದುಕೊಟ್ಟರು. ಹಚ್ಚಿದಷ್ಟೂ ಹೊಟ್ಟು ದಪ್ಪವಾಗಿ, ಅಂಗೈ ಮೇಲೆ ಒಣಗಿದ ಸುಣ್ಣದಂತೆ ಕೂತಿತು.

ಬೆಳಿಗ್ಗೆ ಹಾಸಿಗೆ ಕೊಡವಿದರೆ ನೆಲದ ತುಂಬ ಪುಡಿ. ಸೊಸೆ ನೋಡುವ ಮೊದಲೇ ಗುಡಿಸುತ್ತಿದ್ದೆ.

ಆಮೇಲೆ ಮಗ ಕೆರೆದುಕೊಳ್ಳತೊಡಗಿದ. ಸೊಸೆಯೂ. ಅವಳೇ ಹಟ ಹಿಡಿದು ನನ್ನನ್ನು ಸ್ಕಿನ್ ಡಾಕ್ಟರ ಹತ್ತಿರ ಕರೆದೊಯ್ದಳು. ಆ ಡಾಕ್ಟರಮ್ಮ ನನ್ನ ಅಂಗೈಯಿಂದ ಹೊಟ್ಟು ಕೆರೆದು, ಸ್ಲೈಡಿಗೆ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿದರು.

"ಅಮ್ಮಾರ, ಇದು ಕಜ್ಜಿರಿ. ಭಾಳ ಜೋರಾಗೈತಿ. ಒಳಗ ಹುಳ ತುಂಬ್ಯಾವ."

ನನ್ನ ಮೈಯಲ್ಲಿ ಹುಳ.

ಎರಡು ಹೊತ್ತು ಸ್ನಾನ ಮಾಡುವವಳು ನಾನು. ದಿನಾ ಇದೇ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಪೂಜಿಸುವವಳು. ಸೊಸೆಯ ಮುಖ ನೋಡಲಾಗಲಿಲ್ಲ.

"ಹೊಲಸಿಂದ ಬರೂದಲ್ರಿ ಇದು. ವಯಸ್ಸಾದವ್ರಿಗೆ, ಸ್ಟೀರಾಯ್ಡ್ ತಗೊಳ್ಳೋರಿಗೆ ಹಿಂಗ ಹೆಚ್ಚಾಗ್ತೈತಿ," ಎಂದರು ಡಾಕ್ಟರು. "ಈಗೀಗ ಯಾರ ಮನ್ಯಾಗ ಮಲಗಿದ್ರಿ? ಅವ್ರಿಗೂ ಹೇಳ್ಬೇಕ್ರಿ."

ಹುನಗುಂದದಲ್ಲಿ ಮಗಳ ಅತ್ತೆಮನೆ. ಹೋದ ತಿಂಗಳು ಅಲ್ಲಿದ್ದಾಗ ಮಗಳ ಕೂಸನ್ನು ಎದೆಯ ಮೇಲೆ ಮಲಗಿಸಿಕೊಂಡಿದ್ದೆ.

ಐವರ್‌ಮೆಕ್ಟಿನ್ ಗುಳಿಗೆ ಕೊಟ್ಟರು. ನೆತ್ತಿಯಿಂದ ಅಂಗಾಲಿನವರೆಗೆ, ಉಗುರಿನ ಕೆಳಗೂ ಪರ್ಮೆಥ್ರಿನ್ ಕ್ರೀಮು ಹಚ್ಚಬೇಕು. ಮಗ, ಸೊಸೆಗೂ ಅಂದೇ ಔಷಧ. ಬಟ್ಟೆ, ಚಾದರ ಎಲ್ಲ ಕುದಿನೀರಿಗೆ ಹೋದವು. ನನ್ನ ಬೆನ್ನಿಗೆ ಸೊಸೆ ಗ್ಲೋವ್ಸ್ ಹಾಕಿಕೊಂಡು ಹಚ್ಚಿದಳು. ನಾನು ಗೋಡೆಗೆ ಮುಖ ಮಾಡಿ ಕೂತಿದ್ದೆ.

"ಹುನಗುಂದಕ್ಕ ನಾ ಫೋನ್ ಮಾಡ್ಲೇನ್ರಿ ಅತ್ತಿ?"

"ಬ್ಯಾಡವ್ವಾ. ನಾನ ಹೇಳ್ತೇನಿ."

ನಂಬರು ಒತ್ತಿ ಒತ್ತಿ ಕಟ್ ಮಾಡಿದೆ. ಕೊನೆಗೆ ಬೀಗತಿಯೇ ಎತ್ತಿದರು. ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ.

"ಅಕ್ಕಾರ, ನಮಗೂ ತುರಿಕಿ ಐತ್ರಿ," ಎಂದರು ಬೀಗತಿ, ಮೆಲ್ಲಗೆ. "ಕೂಸಿಗೂ ಗುಳ್ಳಿ ಎದ್ದಾವ. ನೀವು ಏನ್ ತಿಳ್ಕೋತೀರೋ ಅಂತ, ತವರಿಗೆ ಹೇಳಬ್ಯಾಡಂತ ನಿಮ್ಮ ಮಗಳಿಗೆ ನಾನ ಅಂದಿದ್ದೆ."

ಮರುದಿನ ಅವರೆಲ್ಲ ಕೂಸನ್ನೆತ್ತಿಕೊಂಡು ನಮ್ಮೂರು ಬಾಗಲಕೋಟೆಗೆ, ಅದೇ ಡಾಕ್ಟರ ಹತ್ತಿರ ಬಂದರು. ಅವರವರಿಗೆ ತಕ್ಕ ಔಷಧ ಸಿಕ್ಕಿತು.

ನನಗೆ ಮತ್ತೆ ಮತ್ತೆ ಗುಳಿಗೆ, ಮತ್ತೆ ಮತ್ತೆ ಕ್ರೀಮು ಬೇಕಾಯಿತು. ಈಗ ಹೊಟ್ಟು ಉದುರಿ ಎಳೆ ಚರ್ಮ ಬಂದಿದೆ. ಸ್ಲೈಡಿನಲ್ಲಿ ಹುಳ ಕಾಣುತ್ತಿಲ್ಲ ಅಂದಿದ್ದಾರೆ. ಆದರೂ ಯಾರಾದರೂ ಹತ್ತಿರ ಬಂದರೆ ಮೈ ಹಿಡಿ ಮಾಡಿಕೊಳ್ಳುತ್ತೇನೆ.

ಮೊನ್ನೆ ಬೀಗತಿ ಬಂದವರೇ, ನನ್ನನ್ನು ಒಂದು ಮಾತೂ ಕೇಳದೆ, ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ ಸೊಸೆಯೊಡನೆ ಅಡುಗೆಮನೆಗೆ ನಡೆದರು. ಕೂಸು ನನ್ನ ಬೆರಳು ಹಿಡಿಯಿತು.

ನಾನು ಬಿಡಿಸಿಕೊಳ್ಳಲಿಲ್ಲ.