ಉಚ್ಚಿಲದ ಚಾ ಅಂಗಡಿಯೆದುರು ಬುಲೆಟ್

ನನಗಾಗ ಅರವತ್ತೆರಡು, ಎರಡು ವರ್ಷದ ಹಿಂದಿನ ಮಾತು. ಮಂಡಿ ಹಾಳಾಗಿ ನಮ್ಮ ಯಜಮಾನರಿಗೆ ಹಳೆಯ ಬುಲೆಟ್ಟಿನ ಕಿಕ್ ಹೊಡೆಯಲು ಆಗುತ್ತಿರಲಿಲ್ಲ. ಅದನ್ನು ಕಾರ್ಕಳದವನೊಬ್ಬನಿಗೆ ಮಾರಲು ಇಬ್ಬರೂ ಕಾಪುವಿನಿಂದ ಹೊರಟೆವು. ಪಕ್ಕದ ಮನೆಯವನು ಸ್ಟಾರ್ಟ್ ಮಾಡಿಕೊಟ್ಟಿದ್ದ. ಉಚ್ಚಿಲದಲ್ಲಿ ಚಾ ಕುಡಿಯಲು ನಿಂತಾಗ ಇವರು ಅಭ್ಯಾಸದಂತೆ ಇಂಜಿನ್ ಆರಿಸಿಬಿಟ್ಟರು. ಮತ್ತೆ ಯಾರನ್ನೂ ಕೇಳಲು ಮನಸ್ಸಿಲ್ಲದೆ ಟ್ಯಾಂಕ್ ಸವರುತ್ತಾ ನಿಂತರು. ನನಗೆ ನೋಡಲಾಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಿಕ್ಕರ್ ಮೇಲೆ ಕಾಲಿಟ್ಟೆ.

“ಅಮ್ಮಾ, ಬೆನ್ನಿಗೊಂದು ಅಕ್ಕಿಮುಡಿ ಕಟ್ಟಿಕೊಳ್ಳಿ. ನಿಮ್ಮ ಭಾರಕ್ಕೆ ಅದು ಜಗ್ಗಲಿಕ್ಕಿಲ್ಲ,” ಎಂದ ಚಾದವನು.

“ನೀನು ಚಾ ಸೋಸು ಮಾರಾಯ.”

ಜೋರಾಗಿ ಒದ್ದೆ. ಕಿಕ್ಕರ್ ನನ್ನನ್ನೇ ಮೇಲಕ್ಕೆ ಎಸೆಯಿತು.

“ಸಿಟ್ಟಿನಲ್ಲಿ ಒದೆಯಬೇಡ ಮಾರಾಯ್ತಿ,” ಎಂದು ಇವರು ನನ್ನ ತೋಳು ಹಿಡಿದರು. “ಮೆಲ್ಲ ಒತ್ತು. ಗಟ್ಟಿಯಾಯಿತಲ್ವಾ? ಹ್ಯಾಂಡಲಿನ ಈ ಸಣ್ಣ ಲಿವರ್ ಹಿಡಿದು ಕಿಕ್ಕರನ್ನು ಆ ಗಟ್ಟಿ ಜಾಗದಿಂದ ಸ್ವಲ್ಪವೇ ದಾಟಿಸು. ಲಿವರ್ ಬಿಡು. ಈಗ ಎದ್ದು ನಿಂತು ಇಡೀ ಮೈ ಹಾಕು.”

ಹಾಕಿದೆ. ಗಾಡಿ ಗುಡುಗಿತು. ಇವರು ನನ್ನ ಮುಖವನ್ನೇ ನೋಡುತ್ತಿದ್ದರು.

“ಇನ್ನು ಕಾರ್ಕಳದಲ್ಲಿ ಎಂತ ಉಂಟು? ತಿರುಗಿಸಿ,” ಎಂದೆ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ನಾನೇ ಕಿಕ್ ಹೊಡೆದು, ಮೀನು ತರಲು ಇವರ ಹಿಂದೆ ಕುಳಿತೆ.